ಹುಳು ಮುಟ್ಟಿದ ಚಹವೂ ಅದರ ಜೇನಿನ ಪರಿಮಳವೂ

ಪೈರಿಗೆ ಹುಳು ಬಿದ್ದಿತೆಂದರೆ ಬೇಸಾಯಗಾರನಿಗೆ ಮೊದಲು ತೋರುವುದು ನಷ್ಟವೊಂದೇ. ಅದು ಸಹಜವಾದುದು. ಹತ್ತಿಯ ಎಲೆಯ ಅಂಚು ಹಳದಿಯಾಗಿ ಮುದುಡಿ ಕಡೆಗೆ ಸುಟ್ಟಂತಾಗುವುದನ್ನೂ, ಮಾವಿನ ಹೂಗೊಂಚಲು ರಸ ಕಳೆದುಕೊಂಡು ಉದುರುವುದನ್ನೂ ಕಂಡವರಾರೂ ಜಿಗಿಹುಳುವನ್ನು ಹೊಗಳಲಾರರು. ಆದರೆ ಇದೇ ಜಿಗಿಹುಳುಗಳ ಕುಟುಂಬಕ್ಕೆ ಸೇರಿದ ಒಂದು ಸಣ್ಣ ಹಸಿರು ಕೀಟವು ಬಂದು ತಮ್ಮ ತೋಟದ ಚಿಗುರನ್ನು ಹೀರಲೆಂದು ಬೇಸಗೆಯಲ್ಲಿ ಕಾದುಕೊಂಡಿರುವ ಬೇಸಾಯಗಾರರು ತೈವಾನ್ ದ್ವೀಪದಲ್ಲಿದ್ದಾರೆ. ಆ ಕೀಟವು ಮುಟ್ಟಿದ ಎಲೆಯಿಂದ ಅವರು ತಯಾರಿಸುವ ಊಲಾಂಗ್ ಚಹಕ್ಕೆ ಜೇನನ್ನಾಗಲಿ ಸಕ್ಕರೆಯನ್ನಾಗಲಿ ಹೂವನ್ನಾಗಲಿ ಸೇರಿಸುವುದಿಲ್ಲ. ಆದರೂ ಜೇನುತುಪ್ಪದ ಮತ್ತು ಮಾಗಿದ ಹಣ್ಣಿನ ಪರಿಮಳವು ಅದಕ್ಕೆ ತಾನಾಗಿ ಬರುತ್ತದೆ. ಧಾರಣೆಯಲ್ಲಿ ಅದು ಆ ದ್ವೀಪದ ಅತ್ಯುತ್ತಮವಾದ ಚಹಗಳ ಸಾಲಿನಲ್ಲಿ ನಿಲ್ಲುತ್ತದೆ.

ಈ ವೃತ್ತಾಂತವನ್ನು ದೂರದೇಶದ ವಿಚಿತ್ರವೆಂದು ಓದಿ ಮರೆಯುವುದು ತರವಲ್ಲ. ಕೀಟ ಕಂಡ ಕೂಡಲೇ ವಿಷವನ್ನು ಸಿಂಪಡಿಸುವವರಿಗೂ ಇದರಲ್ಲಿ ಪಾಠವುಂಟು. ತೋಟವನ್ನು ಹಾಳುಬಿಟ್ಟು ಅದನ್ನೇ ಪ್ರಕೃತಿಯ ಮಾರ್ಗವೆಂದು ಹೇಳಿಕೊಳ್ಳುವವರಿಗೂ ಪಾಠವುಂಟು. ಹುಳುವಿನ ಕಡಿತವು ತಾನಾಗಿ ಸಂಪತ್ತಲ್ಲ. ನಷ್ಟವನ್ನು ನಾಶಮಾಡುವುದಕ್ಕೆ ಮೊದಲು ಅದನ್ನು ಪರೀಕ್ಷಿಸಿ ನೋಡಿದವರ ವಿವೇಕವೂ, ಆ ಬಳಿಕ ಅವರು ಪಟ್ಟ ಶ್ರಮವೂ ಸೇರಿ ಅದನ್ನು ಸಂಪತ್ತನ್ನಾಗಿ ಮಾಡಿದವು. ಗ್ರಾಮದ ಮುಖಂಡರೂ ಜಮೀನಿನ ಒಡೆಯರೂ ಮನಸ್ಸಿನಲ್ಲಿಡತಕ್ಕ ಮುಖ್ಯಾಂಶ ಇದೇ.

ಚಹದ ಪೂರ್ವೋತ್ತರ

ತೈವಾನಿಗೆ ಹಿಂದೆ ಐರೋಪ್ಯರು ಫಾರ್ಮೋಸಾ ಎಂದು ಹೆಸರಿಟ್ಟಿದ್ದರು. ಅಲ್ಲಿನ ಚಹದ ಬೇಸಾಯವು ಸಮುದ್ರದ ಆಚೆಯಿರುವ ಚೀಣಾದೇಶದ ಫೂಚಿಯೆನ್ ಪ್ರಾಂತದಿಂದ ಬಂದುದು. 1860 ರ ದಶಕದಲ್ಲಿ ಜಾನ್ ಡಾಡ್ ಎಂಬ ಬ್ರಿಟಿಷ್ ವರ್ತಕನು ಲೀ ಚುನ್‌ಷೆಂಗ್ ಎಂಬ ಸ್ಥಳೀಯ ವ್ಯಾಪಾರಿಯ ನೆರವಿನಿಂದ ಫೂಚಿಯೆನ್ನಿನ ಆನ್‌ಷಿಯಿಂದ ಸಸಿಗಳನ್ನು ತರಿಸಿ, ತೈವಾನಿನ ಉತ್ತರ ಭಾಗದ ಬೇಸಾಯಗಾರರಿಗೆ ಹಣವನ್ನು ಮುಂಗಡವಾಗಿ ಕೊಟ್ಟು ಬೆಳೆಯಿಸಿದನು. 1869 ರಲ್ಲಿ 2,131 ಪಿಕುಲ್, ಅಂದರೆ ಸುಮಾರು 127 ಟನ್ನುಗಳಷ್ಟು ಊಲಾಂಗ್ ಚಹವು ತಂಷುಯಿ ಬಂದರಿನಿಂದ ಎರಡು ಹಡಗುಗಳಲ್ಲಿ ನೇರವಾಗಿ ನ್ಯೂಯಾರ್ಕಿಗೆ ಹೋಯಿತು. 1895 ರಿಂದ 1945 ರ ವರೆಗೆ ದ್ವೀಪವು ಜಪಾನಿನ ಆಡಳಿತಕ್ಕೆ ಒಳಪಟ್ಟಿತ್ತು; ಆ ಕಾಲದಲ್ಲಿ, 1903 ರಲ್ಲಿ, ಚಹದ ತಯಾರಿಕೆಗಾಗಿ ಒಂದು ಪ್ರಯೋಗಶಾಲೆಯು ಸ್ಥಾಪಿತವಾಯಿತು. ಅದರ ಉತ್ತರಾಧಿಕಾರಿಯಾದ ಸಂಸ್ಥೆಯು ಇಂದಿಗೂ ಯಾಂಗ್‌ಮೇ ಎಂಬಲ್ಲಿ ಕೆಲಸಮಾಡುತ್ತಿದೆ.

ಹುಳು ಮುಟ್ಟಿದ ಚಹಕ್ಕೆ ಹೆಸರಾದವು ಷಿನ್‌ಚು ಸೀಮೆಯ ಪೇಪು, ಅಮೇ ಎಂಬ ಊರುಗಳೂ ಅದರ ನೆರೆಯ ಮಿಯಾಓಲಿ ಸೀಮೆಯ ಬೆಟ್ಟದ ತಪ್ಪಲುಗಳೂ. ಅಲ್ಲಿ ಹೆಚ್ಚಾಗಿ ನೆಲೆಸಿರುವವರು ಹಕ್ಕಾ ಜನರು. ಈ ಚಹಕ್ಕೆ ಮೂರು ಹೆಸರುಗಳುಂಟು. ಕುಡಿಯ ಮೇಲಿನ ನಯವಾದ ರೋಮದ ಕಾರಣದಿಂದ ಬಂದುದು ‘ಬಿಳಿ ನವಿರಿನ ಊಲಾಂಗ್’. ಪೇಟೆಯಲ್ಲಿ ಪ್ರಸಿದ್ಧವಾದುದು ‘ಪೂರ್ವದೇಶದ ಸುಂದರಿ’. ಇಂಗ್ಲೆಂಡಿನ ರಾಣಿಯೊಬ್ಬಳು ಇದರ ಸೊಬಗನ್ನು ನೋಡಿ ಹಾಗೆ ಕರೆದಳೆಂಬ ಐತಿಹ್ಯವನ್ನು ವರ್ತಕರು ಹೇಳುತ್ತಾರೆ. ಊರಿನವರ ಬಾಯಲ್ಲಿರುವುದು ‘ಬಡಾಯಿ ಚಹ’. ಇದಕ್ಕೆ ಅವರು ಹೇಳುವ ಕಥೆಯು ಸ್ವಾರಸ್ಯವಾಗಿದೆ. ಒಬ್ಬ ಬೇಸಾಯಗಾರನ ತೋಟಕ್ಕೆ ಹುಳು ಬಿದ್ದು ಎಲೆಗಳು ಮುರುಟಿಹೋದುವಂತೆ. ಬಿಸಾಡಲು ಮನಸ್ಸು ಬಾರದೆ ಅವನು ಅದೇ ಎಲೆಯಿಂದ ಚಹ ತಯಾರಿಸಿ ಪಟ್ಟಣಕ್ಕೆ ಒಯ್ದನಂತೆ. ವರ್ತಕನು ಅದರ ವಾಸನೆಗೆ ಮೆಚ್ಚಿ ಎಂದಿಗಿಂತ ಹೆಚ್ಚು ಬೆಲೆ ಕೊಟ್ಟನಂತೆ. ಊರಿಗೆ ಬಂದು ಈ ಸಂಗತಿಯನ್ನು ಹೇಳಿದಾಗ ನೆರೆಹೊರೆಯವರು ಯಾರೂ ನಂಬದೆ ‘ಇದು ಬರಿಯ ಬಡಾಯಿ’ ಎಂದು ನಕ್ಕರಂತೆ. ಕಥೆಯು ಅಕ್ಷರಶಃ ನಡೆದಿರಲಿ ಇಲ್ಲದಿರಲಿ, ಕೆಟ್ಟುಹೋದ ಪೈರನ್ನು ಒಮ್ಮೆ ಮೂಸಿ ನೋಡಿದವನೇ ಗೆದ್ದನೆಂಬ ಅದರ ತಾತ್ಪರ್ಯವು ನಿಜವಾದುದು.

ಕೀಟದ ಸ್ವರೂಪ

ಈ ಕೀಟಕ್ಕೆ ತೈವಾನಿನ ಗ್ರಂಥಗಳಲ್ಲಿ ಜಾಕೋಬಿಯಾಸ್ಕ ಫಾರ್ಮೋಸಾನ ಎಂಬ ಹೆಸರುಂಟು. ಬಲಿತ ಹುಳುವಿನ ಉದ್ದವು ಸುಮಾರು ಮೂರು ಮಿಲಿಮೀಟರು ಮಾತ್ರ. ಬಣ್ಣವು ಹಳದಿ ಬೆರೆತ ಹಸಿರು. ಆದುದರಿಂದ ಎಳೆಯ ಎಲೆಯ ಮೇಲೆ ಕುಳಿತಿದ್ದರೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಗಿಡವನ್ನು ಅಲುಗಿಸಿದರೆ ಅಡ್ಡಡ್ಡವಾಗಿ ಓಡುತ್ತದೆ ಅಥವಾ ಜಿಗಿಯುತ್ತದೆ. ಹೆಣ್ಣು ಎಳೆಯ ದಂಟಿನ ಒಳಗೆ ಮೊಟ್ಟೆಯಿಡುತ್ತದೆ. ಮರಿಯೂ ಬಲಿತ ಹುಳುವೂ ಸೂಜಿಯಂಥ ಬಾಯಿಯನ್ನು ಚಿಗುರಿಗೆ ಚುಚ್ಚಿ ರಸವನ್ನು ಹೀರುತ್ತವೆ. ಸೆಕೆ, ತೇವ, ಗಾಳಿಯ ಓಡಾಟ ಕಡಮೆಯಾದ ತಪ್ಪಲು, ಇವು ಅದಕ್ಕೆ ಹಿತವಾದವು. ತೈವಾನಿನಲ್ಲಿ ಅದರ ಹಾವಳಿಯು ಬೇಸಗೆಯಲ್ಲಿ ಹೆಚ್ಚು. ಚೀಣಾದವರ ಪಂಚಾಂಗದ ಐದನೆಯ ತಿಂಗಳಿನ ಐದನೆಯ ದಿನದ ಹಬ್ಬದ ಆಸುಪಾಸಿನಲ್ಲಿ, ಅಂದರೆ ಸಾಮಾನ್ಯವಾಗಿ ಜ್ಯೇಷ್ಠಮಾಸದ ಆದಿಯಲ್ಲಿ, ಕುಯ್ಲು ಮೊದಲಾಗಿ ಕೆಲವು ವಾರಗಳು ನಡೆಯುತ್ತದೆ.

ಹುಳು ಮುಟ್ಟಿದ ಚಿಗುರು ಹಳದಿಗೆ ತಿರುಗಿ ಮುದುಡುತ್ತದೆ. ಬೆಳವಣಿಗೆಯು ನಿಂತು ಗಿಡ್ಡವಾಗುತ್ತದೆ. ಇಂಥ ಚಿಗುರಿಗೆ ಅಲ್ಲಿಯ ಜನರು ಹೇಳುವ ಮಾತಿನ ಅರ್ಥವು ‘ಜೊಲ್ಲು ತಗುಲಿದುದು’ ಎಂದು. ವಿಜ್ಞಾನಿಗಳು ಸೂಕ್ಷ್ಮದರ್ಶಕವನ್ನು ಹಿಡಿಯುವುದಕ್ಕೆ ಮುಂಚೆಯೇ, ಕೀಟದ ಬಾಯಿಯಿಂದ ಎಲೆಗೆ ಏನೋ ಒಂದು ಪರಿಣಾಮ ಉಂಟಾಗುತ್ತದೆಂದು ಬೇಸಾಯಗಾರರು ಊಹಿಸಿದ್ದರೆಂಬುದಕ್ಕೆ ಈ ಮಾತೇ ಸಾಕ್ಷಿ.

ಪರಿಮಳದ ಕಾರಣ

ಮಾವಿನ ಜಿಗಿಹುಳುವು ವಿಸರ್ಜಿಸುವ ಸಿಹಿಯಾದ ಅಂಟನ್ನು ಬಲ್ಲವರು, ಚಹದ ಜೇನಿನ ವಾಸನೆಯೂ ಅಂಥ ಅಂಟಿನಿಂದಲೇ ಬಂದುದೆಂದು ತಿಳಿಯಬಹುದು. ಹಾಗೆ ತಿಳಿಯಕೂಡದು. ಪರಿಮಳವನ್ನು ಹುಟ್ಟಿಸುವುದು ಹುಳುವಲ್ಲ, ಗಿಡವೇ. ಓಡಿಹೋಗಲಾರದ ಗಿಡಕ್ಕೆ ಶತ್ರುವನ್ನು ಎದುರಿಸಲು ಇರುವ ಉಪಾಯವೆಂದರೆ ತನ್ನ ಒಳಗಿನ ರಸಗಳನ್ನು ಬದಲಾಯಿಸಿಕೊಳ್ಳುವುದು. ಚುಚ್ಚಿಸಿಕೊಂಡ ಎಲೆಯಲ್ಲಿ ಲಿನಲೂಲ್, ಜೆರೇನಿಯಾಲ್ ಮೊದಲಾದ ಸುವಾಸನೆಯ ದ್ರವ್ಯಗಳೂ ಅವುಗಳ ಸಂಬಂಧಿಗಳೂ ಹೆಚ್ಚುತ್ತವೆ. ಹುಳು ಕಡಿದ ಅನೇಕ ಜಾತಿಯ ಸಸ್ಯಗಳು ಹೀಗೆ ಗಾಳಿಗೆ ವಾಸನೆಯನ್ನು ಬಿಟ್ಟು, ಆ ಹುಳುವನ್ನು ತಿನ್ನುವ ಪ್ರಾಣಿಗಳನ್ನು ಕರೆಯುತ್ತವೆಂಬುದು ಈಗ ಸಿದ್ಧವಾದ ವಿಷಯ. ಮನೆಗೆ ಕಳ್ಳ ನುಗ್ಗಿದಾಗ ಒಡೆಯನು ನೆರೆಯವರನ್ನು ಕೂಗಿ ಕರೆಯುವಂತೆಯೇ ಇದು. ಮನುಷ್ಯರು ಬಟ್ಟಲಿನಲ್ಲಿ ಆಸ್ವಾದಿಸುವುದು ಆ ಕೂಗನ್ನೇ ಎಂದರೆ ತಪ್ಪಾಗದು.

ಜಪಾನಿನ ವಿಜ್ಞಾನಿಗಳು ಈ ಚಹವನ್ನು ತಯಾರಿಕೆಯ ಪ್ರತಿಯೊಂದು ಹಂತದಲ್ಲಿಯೂ ಪರೀಕ್ಷಿಸಿ 2007 ರಲ್ಲಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. ಹುಳುವಿನ ಕಡಿತವೂ, ಕುಯ್ದ ಮೇಲೆ ಬಾಡಿಸುವುದು ಮೊದಲಾದ ಕೆಲಸಗಳಿಂದ ಎಲೆಗೆ ಆಗುವ ಸಂಕಟವೂ, ಎರಡೂ ಕೂಡಿ ಈ ಪರಿಮಳಕ್ಕೆ ಕಾರಣವೆಂದು ಅದರಿಂದ ತಿಳಿದುಬಂದಿತು. ಲಿನಲೂಲಿನಿಂದ ಹುಟ್ಟಿದ ಒಂದು ದ್ರವ್ಯವು ಕಡಿತಕ್ಕೆ ಸಿಕ್ಕಿದ ಎಲೆಯಲ್ಲಿ ಕೂಡಿಕೊಳ್ಳುತ್ತದೆ. ಕಾವಿಗೆ ಸಿಕ್ಕಾಗ ಅದು ಹೊಟ್ರಿಯೆನಾಲ್ ಎಂಬ ಸುಗಂಧದ್ರವ್ಯವಾಗಿ ಮಾರ್ಪಡುತ್ತದೆ. ಆದುದರಿಂದ ಹುಳು ಕಡಿದ ಮಾತ್ರದಿಂದಲೇ ಕೆಲಸವಾಗಲಿಲ್ಲ. ಅರ್ಧ ಕೆಲಸವು ತೋಟದಲ್ಲಿಯೂ ಉಳಿದರ್ಧವು ತಯಾರಿಕೆಯ ಮನೆಯಲ್ಲಿಯೂ ನಡೆಯುತ್ತದೆ.

ತಯಾರಿಕೆಯ ಕ್ರಮ

ಒಂದು ಕುಡಿ ಮತ್ತು ಎರಡು ಎಳೆಯ ಎಲೆಗಳನ್ನು ಕೈಯಿಂದಲೇ ಬಿಡಿಸುತ್ತಾರೆ. ಯಂತ್ರದಿಂದ ಕತ್ತರಿಸಿದರೆ ಹುಳು ಮುಟ್ಟಿದ ಚಿಗುರೂ ಮುಟ್ಟದ ಚಿಗುರೂ ಬಲಿತ ಎಲೆಯೂ ಕಲೆತುಹೋಗಿ ಗುಣವು ಕೆಡುತ್ತದೆ. ಒಂದು ತೈವಾನ್ ಜಿನ್, ಅಂದರೆ 600 ಗ್ರಾಂ ತೂಕದ ಸಿದ್ಧವಾದ ಚಹಕ್ಕೆ ಮೂರು ನಾಲ್ಕು ಸಾವಿರ ಚಿಗುರುಗಳು ಬೇಕೆಂದು ಅಲ್ಲಿಯವರು ಲೆಕ್ಕ ಹೇಳುತ್ತಾರೆ. ಬಿಡಿಸಿದ ಚಿಗುರನ್ನು ಮೊದಲು ಬಿಸಿಲಿನಲ್ಲಿಯೂ ತರುವಾಯ ನೆರಳಿನಲ್ಲಿಯೂ ಬಾಡಿಸುತ್ತಾರೆ. ನಡುನಡುವೆ ಕೈಯಾಡಿಸಿ ಅಲುಗಿಸುವುದರಿಂದ ಎಲೆಯ ಅಂಚು ಜಜ್ಜಿ, ರಸವು ಗಾಳಿಯೊಡನೆ ಕೂಡಿ ಕೆಂಪಾಗುತ್ತದೆ. ವಾಡಿಕೆಯಲ್ಲಿ ಹುದುಗುವಿಕೆ ಎಂದು ಕರೆಯುವ ಈ ಕ್ರಿಯೆಯನ್ನು ಇತರ ಊಲಾಂಗುಗಳಲ್ಲಿ ಬೇಗನೆ ನಿಲ್ಲಿಸುವುದುಂಟು; ಇದರಲ್ಲಿಯಾದರೋ ಅರ್ಧಕ್ಕಿಂತ ಹೆಚ್ಚಾಗಿ ನಡೆಯಗೊಡುತ್ತಾರೆ. ಅನಂತರ ಕಾದ ಬಾಣಲೆಯಲ್ಲಿ ಹುರಿದು ಆ ಕ್ರಿಯೆಯನ್ನು ತಡೆಯುತ್ತಾರೆ. ಹುರಿದ ಎಲೆಯನ್ನು ತೇವದ ಬಟ್ಟೆಯಲ್ಲಿ ಸುತ್ತಿ ಸ್ವಲ್ಪ ಹೊತ್ತು ಮೆತ್ತಗಾಗಲು ಬಿಡುವುದು ಈ ಚಹದ ವಿಶೇಷವಾದ ಪದ್ಧತಿ. ಹಾಗೆ ಮಾಡದಿದ್ದರೆ ಎಳೆಯ ಕುಡಿಯು ಹೊಸೆಯುವಾಗ ಪುಡಿಯಾಗುತ್ತದೆ. ಕಡೆಗೆ ಹೊಸೆದು ಒಣಗಿಸುತ್ತಾರೆ. ಒಳ್ಳೆಯ ಸರಕಿನಲ್ಲಿ ಬಿಳಿ, ಕೆಂಪು, ಹಳದಿ, ಹಸಿರು, ಕಂದು, ಈ ಐದು ಬಣ್ಣಗಳು ಬೆರೆತು ಕಾಣುತ್ತವೆ.

ಲಾಭನಷ್ಟಗಳ ಲೆಕ್ಕ

ಇಷ್ಟು ಕೇಳಿದ ಮೇಲೆ ಲೆಕ್ಕ ಬಲ್ಲ ಒಡೆಯನು ಒಂದು ಪ್ರಶ್ನೆಯನ್ನು ಹಾಕದಿರನು: ಇಳುವರಿಯು ಕುಗ್ಗಿದರೂ ಈ ಬೇಸಾಯಗಾರರಿಗೆ ಹೇಗೆ ಗಿಟ್ಟುತ್ತದೆ? ಉತ್ತರವು ಋತುವಿನಲ್ಲಿದೆ. ತೈವಾನಿನಲ್ಲಿ ವಸಂತದ ಮತ್ತು ಚಳಿಗಾಲದ ಚಹವೇ ಶ್ರೇಷ್ಠವೆನಿಸಿದುದು. ಬೇಸಗೆಯ ಬಿಸಿಲಿನಲ್ಲಿ ಬೆಳೆದ ಎಲೆಗೆ ಕಹಿಯೂ ಒಗರೂ ಹೆಚ್ಚು. ಆದಕಾರಣ ಅದರ ಧಾರಣೆಯು ಕಡಮೆ. ಹುಳು ಬರುವುದು ಆ ಅಗ್ಗದ ಕಾಲದಲ್ಲಿಯೇ. ಕಡಮೆ ಬೆಲೆಯ ಹೆಚ್ಚು ಎಲೆಯನ್ನು ಬಿಟ್ಟುಕೊಟ್ಟು, ಹೆಚ್ಚು ಬೆಲೆಯ ಸ್ವಲ್ಪ ಎಲೆಯನ್ನು ಪಡೆದರೆ ಗಿಟ್ಟುತ್ತದೆಂದು ಅವರು ಕಂಡುಕೊಂಡರು. ಚಿನ್ನದಂಥ ವಸಂತದ ಫಸಲನ್ನು ಹುಳುವಿನ ಬಾಯಿಗೆ ಇಟ್ಟವರಲ್ಲ ಅವರು. ಇದಲ್ಲದೆ ತಳಿಯ ಆಯ್ಕೆಯೂ ಉಂಟು: ಷಿನ್‌ಚು ಸೀಮೆಯಲ್ಲಿ ಇದಕ್ಕೆ ಮುಖ್ಯವಾಗಿ ಬಳಸುವುದು ಚಿಂಗ್‌ಷಿನ್ ದಾಮೌ ಎಂಬ ತಳಿ.

ಇದೇ ತತ್ತ್ವವನ್ನು ಬೇರೆ ಕಡೆಯೂ ಅನುಸರಿಸಿದ್ದಾರೆ. 1999 ನೆಯ ಇಸವಿ ಸೆಪ್ಟೆಂಬರ್ 21 ರಂದು ಮಧ್ಯ ತೈವಾನಿನಲ್ಲಿ ಘೋರವಾದ ಭೂಕಂಪವಾಯಿತು. ನಾಂತೋ ಸೀಮೆಯಲ್ಲಿ ಆರೈಕೆಯಿಲ್ಲದೆ ನಿಂತ ತೋಟಗಳಿಗೆ ಜಿಗಿಹುಳು ಬಿದ್ದಿತು. ಆ ಎಲೆಯಿಂದ ತಯಾರಿಸಿದ ಜೇನಿನ ವಾಸನೆಯ ಊಲಾಂಗ್ ‘ರಾಜಪತ್ನಿ’ ಎಂಬರ್ಥದ ಹೆಸರಿನಿಂದ ಮಾರಾಟಕ್ಕೆ ಬಂದಿತು. ಪೂರ್ವತೀರದ ಹ್ವಾಲಿಯೆನ್ ಸೀಮೆಯ ರುಯಿಸ್ವೇ ಎಂಬಲ್ಲಿ ಇಂಥ ಎಲೆಯಿಂದ ಜೇನಿನ ಪರಿಮಳದ ಕಪ್ಪು ಚಹವನ್ನು ಮಾಡುತ್ತಾರೆ. ಭರತಖಂಡದಲ್ಲಿಯೇ ಡಾರ್ಜಿಲಿಂಗಿನ ಎರಡನೆಯ ಫಸಲಿನ ಚಹಕ್ಕಿರುವ, ದ್ರಾಕ್ಷಿಯನ್ನು ನೆನಪಿಗೆ ತರುವ ಪ್ರಸಿದ್ಧವಾದ ಪರಿಮಳದಲ್ಲಿ ಇಂಥ ರಸಹೀರುವ ಸಣ್ಣ ಕೀಟಗಳಿಗೂ ಪಾಲುಂಟು.

ಎರಡು ತಪ್ಪು ಅಭಿಪ್ರಾಯಗಳು

ಇಷ್ಟರಿಂದ ಕೀಟಗಳೆಲ್ಲವೂ ಉಪಕಾರಿಗಳೆಂದು ಭಾವಿಸುವುದು ಮೊದಲನೆಯ ತಪ್ಪು. ದಕ್ಷಿಣ ಇಂಡಿಯಾದ ಚಹದ ತೋಟಗಳಲ್ಲಿ ಟೀ ಸೊಳ್ಳೆ ಎಂಬ ಕೀಟವು ಚಿಗುರನ್ನು ಚುಚ್ಚಿ ಕರಕಲು ಮಾಡುತ್ತದೆ. ಕರಾವಳಿಯ ಗೋಡಂಬಿ ಬೆಳೆಗಾರರೂ ಅದರ ಬಳಗವನ್ನು ಚೆನ್ನಾಗಿ ಬಲ್ಲರು. ಅದರ ಹಾವಳಿಯಿಂದ ನಷ್ಟವೇ ಹೊರತು ಪರಿಮಳದ ಲಾಭವಿಲ್ಲ. ಹತ್ತಿಯ ಜಿಗಿಹುಳುವೂ ಹಾಗೆಯೇ: ಹತ್ತಿಯಲ್ಲಿ ಮಾರುವುದು ಅರಳೆಯನ್ನು, ಎಲೆಯ ವಾಸನೆಗೆ ಯಾರೂ ಕಾಸು ಕೊಡರು. ತೈವಾನಿನ ತೋಟದಲ್ಲಿಯೂ ಹುಳುವು ಮಿತಿಮೀರಿದರೆ ಚಿಗುರು ಪೂರ್ತಿಯಾಗಿ ಸುಟ್ಟು, ಕುಯ್ಯಲು ಏನೂ ಉಳಿಯುವುದಿಲ್ಲ. ತೋಟಕ್ಕೆ ಗೊಬ್ಬರ ಹಾಕದೆ, ಕಳೆ ಕೀಳದೆ, ಗಿಡವನ್ನು ಸವರದೆ ಬಿಟ್ಟವನಿಗೆ ದೊರೆಯುವುದು ಬಡಕಲು ಗಿಡವೇ ಹೊರತು ಜೇನಿನ ಪರಿಮಳವಲ್ಲ. ವಿಷವನ್ನು ಸಿಂಪಡಿಸದಿರುವುದಕ್ಕೂ ಆರೈಕೆಯನ್ನು ಮಾಡದಿರುವುದಕ್ಕೂ ಇರುವ ಅಂತರವನ್ನು ಮರೆಯಕೂಡದು.

ಹುಳು ಕಂಡೊಡನೆ ಕೊಲ್ಲಬೇಕೆಂಬುದು ಎರಡನೆಯ ತಪ್ಪು. ಈ ಅಭ್ಯಾಸವು ಇಂದು ಅನೇಕ ಗ್ರಾಮಗಳಲ್ಲಿ ಬೇರೂರಿದೆ. ಯಾವ ಹುಳುವೆಂದು ತಿಳಿಯದೆ, ಎಷ್ಟಿದೆಯೆಂದು ಎಣಿಸದೆ, ಅಂಗಡಿಯವನು ಕೊಟ್ಟ ಸೀಸೆಯನ್ನು ತಂದು ಸುರಿಯುವವರು ಬಹು ಮಂದಿ. ಹಾಗೆ ಸುರಿದಾಗ ಹುಳುವನ್ನು ತಿನ್ನುವ ಜೇಡವೂ, ಹುಳುವಿನ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುವ ಸಣ್ಣ ಕಣಜವೂ ಸಾಯುತ್ತವೆ. ಕೆಲವು ದಿನಗಳ ಮೇಲೆ ಶತ್ರುವು ಮೊದಲಿಗಿಂತ ಹೆಚ್ಚಾಗಿ ಹಿಂದಿರುಗುತ್ತದೆ. ಮತ್ತೆ ಸೀಸೆಗೆ ಹಣ ತೆರಬೇಕಾಗುತ್ತದೆ. ಗಿಡಕ್ಕೂ ಸ್ವಂತ ರಕ್ಷಣೆಯುಂಟೆಂಬುದಕ್ಕೆ ಹತ್ತಿಯಲ್ಲಿಯೇ ನಿದರ್ಶನವಿದೆ: ಎಲೆಯ ಮೇಲೆ ಒತ್ತಾದ ರೋಮವುಳ್ಳ ತಳಿಗಳು ಜಿಗಿಹುಳುವನ್ನು ಚೆನ್ನಾಗಿ ತಡೆಯುತ್ತವೆ. ತಳಿಯನ್ನು ಆರಿಸಿಕೊಳ್ಳುವಾಗ ಇದನ್ನು ವಿಚಾರಿಸಿದವನಿಗೆ ಮುಂದೆ ವಿಷದ ಖರ್ಚು ಕಡಮೆ.

ಗ್ರಾಮದ ಹೊಣೆ

ಈ ಚಹದ ಬೇಸಾಯವು ಒಬ್ಬನೇ ಮಾಡತಕ್ಕ ಕೆಲಸವಲ್ಲ. ಒಬ್ಬನು ತನ್ನ ತೋಟದಲ್ಲಿ ಹುಳುವನ್ನು ಉಳಿಸಿಕೊಂಡು ಕಾದಿದ್ದರೂ, ಪಕ್ಕದವನು ಸಿಂಪಡಿಸಿದ ವಿಷವು ಗಾಳಿಯಲ್ಲಿ ತೇಲಿಬಂದರೆ ಅವನ ವರ್ಷದ ಲಾಭವೆಲ್ಲವೂ ಒಂದು ದಿನದಲ್ಲಿ ಹೋಗುತ್ತದೆ. ಎಲೆಯಲ್ಲಿ ವಿಷದ ಅಂಶವು ಕಂಡುಬಂದರೆ ಸರಕನ್ನು ಕೊಳ್ಳುವವರೂ ಇರುವುದಿಲ್ಲ. ಆದಕಾರಣ ಒಂದು ತಪ್ಪಲಿನ ತೋಟದವರೆಲ್ಲರೂ ಒಂದೇ ಮಾತಿಗೆ ಬರಬೇಕು. ಸಾಲು ಸಾಲಾಗಿ ಜಮೀನುಗಳಿರುವ ಕಡೆ ಈ ಒಪ್ಪಂದವನ್ನು ಮಾಡಿಸಬಲ್ಲವರು ಊರಿನ ಮುಖಂಡರೇ. ಇದು ಚಹಕ್ಕೆ ಮಾತ್ರ ಸಂಬಂಧಿಸಿದ ಮಾತಲ್ಲ. ಜೇನುಹುಳುಗಳು ಓಡಾಡುವ ಹೊತ್ತಿನಲ್ಲಿ ಹೂಬಿಟ್ಟ ಪೈರಿಗೆ ವಿಷ ಹಾಕದಿರುವುದು, ರೇಷ್ಮೆ ಸಾಕುವ ಊರುಗಳಲ್ಲಿ ಹಿಪ್ಪುನೇರಳೆಯ ಪಕ್ಕದ ಹೊಲಕ್ಕೆ ಸಿಂಪಡಿಸುವಾಗ ಎಚ್ಚರಿಕೆ ವಹಿಸುವುದು, ಇವೂ ಒಬ್ಬನ ಇಚ್ಛೆಗೆ ಬಿಡತಕ್ಕ ಕೆಲಸಗಳಲ್ಲ. ಹಿಪ್ಪುನೇರಳೆಯ ಸೊಪ್ಪಿಗೆ ವಿಷವು ತಗುಲಿದ ದಿನ ಹುಳು ಸಾಕುವವನ ಮನೆಯಲ್ಲಿ ಆಗುವ ನಷ್ಟವನ್ನು ಪಕ್ಕದ ಹೊಲದವನು ತುಂಬಿಕೊಡಲಾರನು.

ಪ್ರಾಮಾಣಿಕತೆಯೂ ಇದಕ್ಕೆ ಸೇರಿದ ವಿಷಯ. ಒಂದು ಸರಕಿಗೆ ಹೆಚ್ಚಿನ ಬೆಲೆ ಬಂದ ಕೂಡಲೇ ಅದರ ಹೆಸರಿನಲ್ಲಿ ಕಳಪೆಯ ಸರಕನ್ನು ಮಾರುವವರೂ, ಹೊರಗಿನ ಸುವಾಸನೆಯನ್ನು ಬೆರೆಸುವವರೂ ಹುಟ್ಟಿಕೊಳ್ಳುವುದು ಲೋಕದ ರೀತಿ. ತೈವಾನಿನಲ್ಲಿ ಸ್ಥಳೀಯ ರೈತಸಂಘಗಳು ಚಹದ ಸ್ಪರ್ಧೆಗಳನ್ನು ನಡೆಸುತ್ತವೆ. ಪರೀಕ್ಷಕರು ಹೆಸರು ತಿಳಿಯದೆ ರುಚಿ ನೋಡಿ ದರ್ಜೆಯನ್ನು ಗೊತ್ತುಮಾಡುತ್ತಾರೆ. ಗೆದ್ದ ಚಹವು ಸಂಘದ ಮುದ್ರೆಯೊಡನೆ ಪೇಟೆಗೆ ಹೋಗುತ್ತದೆ. ಕೊಳ್ಳುವವನು ಬೆಲೆ ಕೊಡುವುದು ಆ ನಂಬಿಕೆಗೆ. ಬೆಲ್ಲಕ್ಕಾಗಲಿ, ಏಲಕ್ಕಿಗಾಗಲಿ, ಜೇನುತುಪ್ಪಕ್ಕಾಗಲಿ ಕನ್ನಡ ನಾಡಿನ ಗ್ರಾಮಗಳು ಇಂಥ ಏರ್ಪಾಡನ್ನು ಮಾಡಿಕೊಂಡರೆ, ಒಳ್ಳೆಯ ಸರಕನ್ನು ತಯಾರಿಸುವವನು ಕೆಟ್ಟ ಸರಕಿನವನ ಜೊತೆಯಲ್ಲಿ ಒಂದೇ ಧಾರಣೆಗೆ ಮಾರಬೇಕಾದ ಅನ್ಯಾಯವು ತಪ್ಪುತ್ತದೆ.

ಚಿಕ್ಕಮಗಳೂರು, ಹಾಸನ, ಕೊಡಗು ಜಿಲ್ಲೆಗಳಲ್ಲಿ ಕೆಲವು ಚಹದ ತೋಟಗಳಿವೆ. ಅವುಗಳ ಒಡೆಯರು ನಾಳೆಯೇ ಹುಳುವನ್ನು ಸಾಕತೊಡಗಲೆಂಬುದು ಈ ಲೇಖನದ ಅಭಿಪ್ರಾಯವಲ್ಲ. ತಳಿ, ಹವೆ, ಕೀಟ, ಕೈಕೆಲಸ, ಪೇಟೆ, ಈ ಐದೂ ಒಂದೆಡೆ ಕೂಡಿದ ಕಡೆ ಮಾತ್ರ ಆ ಪರಿಮಳವು ಹಣವಾಗುತ್ತದೆ. ಎಲ್ಲರೂ ಅನುಸರಿಸಬಹುದಾದುದು ಅದರ ಹಿಂದಿರುವ ಕ್ರಮವನ್ನು. ಪೈರಿನಲ್ಲಿ ಹುಳು ಕಂಡಾಗ ಮೊದಲು ಅದು ಯಾವುದೆಂದು ಗುರುತಿಸತಕ್ಕದ್ದು. ಹತ್ತಾರು ಗಿಡಗಳಲ್ಲಿ ಎಣಿಸಿ ನೋಡತಕ್ಕದ್ದು. ಆ ಹುಳುವಿನ ಶತ್ರುಗಳು ಹೊಲದಲ್ಲಿವೆಯೇ ಎಂದು ಹುಡುಕತಕ್ಕದ್ದು. ಹುಳು ತಿನ್ನುವ ಭಾಗವೂ ಮಾರುವ ಭಾಗವೂ ಒಂದೇ ಹೌದೋ ಅಲ್ಲವೋ ಎಂದು ಯೋಚಿಸತಕ್ಕದ್ದು. ಆಗುವ ನಷ್ಟವು ಸಿಂಪಡಿಸುವ ಖರ್ಚಿಗಿಂತ ಹೆಚ್ಚೋ ಕಡಮೆಯೋ ಎಂದು ಲೆಕ್ಕಹಾಕತಕ್ಕದ್ದು. ಸಂದೇಹವಿದ್ದರೆ ಹತ್ತಿರದ ಕೃಷಿ ಅಧಿಕಾರಿಗೆ ಹುಳುವಿನ ಮಾದರಿಯನ್ನು ತೋರಿಸಿ ವಿಚಾರಿಸುವುದು ಲೇಸು. ಇಷ್ಟನ್ನೂ ಮಾಡಿದ ಮೇಲೆ ವಿಷವನ್ನು ಬಳಸಲೇಬೇಕೆಂದು ಕಂಡುಬಂದರೆ ಹಿಂಜರಿಯಬೇಕಾದುದಿಲ್ಲ; ತಕ್ಕ ಕಾಲದಲ್ಲಿ, ತಕ್ಕ ಪ್ರಮಾಣದಲ್ಲಿ, ನೆರೆಯವರಿಗೆ ಮುಂಚಿತವಾಗಿ ತಿಳಿಸಿ ಬಳಸತಕ್ಕದ್ದು.

ಸಿಂಪಡಿಸುವ ನಿರ್ಧಾರವು ಸಾಮಾನ್ಯವಾಗಿ ಒಡೆಯನದು. ಅದರ ಫಲವನ್ನು ಅನುಭವಿಸುವವರು ಗೇಣಿಯವರೂ ಕೂಲಿಯವರೂ ನೆರೆಹೊಲದವರೂ ಎಲ್ಲರೂ. ಆದುದರಿಂದ ಪ್ರತಿಯೊಂದು ಗ್ರಾಮದಲ್ಲಿಯೂ ಮುಂಗಾರಿಗೆ ಮುಂಚೆ ಹಿಡುವಳಿದಾರರನ್ನು ಒಂದು ದಿನ ಕಲೆಹಾಕಿ, ಯಾವ ಪೈರಿಗೆ ಯಾವ ಹುಳು ಎಂದು ಬರುತ್ತದೆ, ಯಾರ ಹೊಲದ ಪಕ್ಕದಲ್ಲಿ ಜೇನುಪೆಟ್ಟಿಗೆಯೋ ಹಿಪ್ಪುನೇರಳೆಯೋ ಇದೆ, ಸಿಂಪಡಿಸುವ ದಿನವನ್ನು ಹೇಗೆ ಸಾರಬೇಕು ಎಂಬ ವಿಷಯಗಳನ್ನು ಗೊತ್ತುಮಾಡಿಕೊಂಡು ಬರೆದಿಡುವುದು ಮುಖಂಡರ ಮೊದಲ ಕೆಲಸವಾಗತಕ್ಕದ್ದು. ಅದಕ್ಕೆ ಬೇಕಾದುದು ಒಂದು ಸಂಜೆಯ ಹೊತ್ತು ಮತ್ತು ಒಂದು ಪುಸ್ತಕದ ಹಾಳೆ ಮಾತ್ರ.